ಕನ್ನಡ ಸುದ್ದಿಯ ಸಾರಾಂಶದ ಕೊನೆಯಲ್ಲಿ ಕಪ್ಪು ಡೈಮಂಡ್, ಆಪ್‌ನಲ್ಲಿ ಪಟ್ಟಿಯೇ ಖಾಲಿ

ತಾಲ್ಲೂಕು_ವೆಬ್:

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ಸುದ್ದಿ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದೇನೆ. ಪಿಎಚ್‌ಪಿ 8, ಮೈಎಸ್‌ಕ್ಯೂಎಲ್. ಮುಖಪುಟದಲ್ಲಿ ಪ್ರತಿ ಸುದ್ದಿಯ ಮೊದಲ 150 ಅಕ್ಷರ ತೋರಿಸಲು ಸಬ್‌ಸ್ಟರ್ ಫಂಕ್ಷನ್ ಬಳಸಲಾಗಿದೆ. ಕೆಲವು ಸುದ್ದಿಗಳ ಕೊನೆಯಲ್ಲಿ ಕಪ್ಪು ಡೈಮಂಡ್ ಒಳಗೆ ಪ್ರಶ್ನೆ ಚಿಹ್ನೆ ಬರುತ್ತಿದೆ. ಎಲ್ಲದಕ್ಕೂ ಅಲ್ಲ, ಕೆಲವಕ್ಕೆ ಮಾತ್ರ.

ಇದಕ್ಕಿಂತ ದೊಡ್ಡ ತಲೆನೋವು ಆಪ್‌ನದು. ಅದೇ ಸಾರಾಂಶಗಳನ್ನು ಜೇಸನ್ (ಆಪ್ ಓದುವ ಡೇಟಾ ರೂಪ) ಮಾಡಿ ಆಪ್‌ಗೆ ಕಳಿಸುತ್ತೇವೆ. ಒಮ್ಮೊಮ್ಮೆ ಪಟ್ಟಿ ಪೂರ್ತಿ ಖಾಲಿ ಬರುತ್ತದೆ. ಲಾಗ್‌ನಲ್ಲಿ ಏನೂ ಇಲ್ಲ, ಸರ್ವರ್ 200, ಅಂದರೆ ಎಲ್ಲ ಸರಿ, ಅಂತಲೇ ಉತ್ತರ ಕೊಡುತ್ತದೆ. ಟೇಬಲ್ಲನ್ನು ಯೂನಿಕೋಡ್ ಪಠ್ಯ ಇಡುವ ಯುಟಿಎಫ್8ಎಂಬಿ4ಗೆ ಬದಲಾಯಿಸಿ ನೋಡಿದೆ, ಏನೂ ವ್ಯತ್ಯಾಸ ಇಲ್ಲ. ಹಳೆಯ ವೆಬ್‌ಸೈಟ್ ನುಡಿ ಫಾಂಟಿನಲ್ಲಿದ್ದಾಗ ಇದೇ ಕೋಡ್ ಸರಿಯಾಗಿ ನಡೆಯುತ್ತಿತ್ತಂತೆ. ಎಲ್ಲಿ ಹುಡುಕಲಿ?

ಅಕ್ಷರಪ್ರೇಮಿ:

ಡೇಟಾಬೇಸ್ ಬಿಟ್ಟುಬಿಡಿ, ತೊಂದರೆ ಅಲ್ಲಿಲ್ಲ. ಅಲ್ಲಿದ್ದಿದ್ದರೆ ಸುದ್ದಿ ಪೂರ್ತಿ ಪ್ರಶ್ನೆ ಚಿಹ್ನೆಗಳ ಸಾಲಾಗುತ್ತಿತ್ತು. ಕೊನೆಯ ಅಕ್ಷರ ಮಾತ್ರ ಕೆಡುತ್ತಿದೆ ಅಂದರೆ ಕತ್ತರಿಸುವ ಕಡೆಯೇ ತಪ್ಪಿದೆ.

ಸಬ್‌ಸ್ಟರ್ ಎಣಿಸುವುದು ಅಕ್ಷರಗಳನ್ನಲ್ಲ, ಬೈಟ್‌ಗಳನ್ನು, ಅಂದರೆ ಕಂಪ್ಯೂಟರ್ ಪಠ್ಯವನ್ನು ಇಡುವ ಚಿಕ್ಕ ತುಂಡುಗಳನ್ನು. ಹಳೆಯ ನುಡಿ ಫಾಂಟಿನ ಪಠ್ಯದಲ್ಲಿ ಒಂದು ಗುರುತಿಗೆ ಒಂದು ಬೈಟ್ ಇತ್ತು, ಹಾಗಾಗಿ ಎಲ್ಲಿ ಕತ್ತರಿಸಿದರೂ ನಡೆಯುತ್ತಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್‌ಗೂ (ಮೂಲಾಕ್ಷರ, ಕಾಗುಣಿತದ ಚಿಹ್ನೆ, ಹಲಂತ ಒಂದೊಂದಕ್ಕೂ) 3 ಬೈಟ್ ಬೇಕು. ನಿಮ್ಮ 150 ಬೈಟ್ ಅಂದರೆ ಸುಮಾರು ಐವತ್ತು ಚಿಲ್ಲರೆ ಕೋಡ್ ಪಾಯಿಂಟ್.

ಕೆಲವು ಸುದ್ದಿಗೆ ಮಾತ್ರ ಯಾಕೆ ಅಂದರೆ, 150ನ್ನು 3ರಿಂದ ಭಾಗಿಸಬಹುದು, ಆದರೆ ಸ್ಪೇಸ್, ಕಾಮಾ, 0-9 ಅಂಕಿಗಳಿಗೆ 1 ಬೈಟ್ ಸಾಕು. ಆ ಭಾಗದಲ್ಲಿ ಇಂಥ ಒಂದು ಬೈಟಿನ ಚಿಹ್ನೆಗಳು 3, 6, 9, 12 ಹೀಗೆ ಇದ್ದರೆ ಕತ್ತರಿ ಸರಿಯಾದ ಜಾಗಕ್ಕೆ ಬೀಳುತ್ತದೆ. ಇಲ್ಲದಿದ್ದರೆ ಒಂದು ಅಕ್ಷರದ ನಡುವೆ ಬೀಳುತ್ತದೆ. ಕೆಟ್ಟ ಸುದ್ದಿಯೊಂದನ್ನು ತೆಗೆದುಕೊಂಡು ಮೊದಲ ವಾಕ್ಯದಲ್ಲಿ ಒಂದು ಸ್ಪೇಸ್ ಸೇರಿಸಿ ನೋಡಿ. ಡೈಮಂಡ್ ಮಾಯವಾಗಲೂಬಹುದು.

ಆಪ್ ಖಾಲಿಯಾಗುವುದಕ್ಕೂ ಇದೇ ಕಾರಣ. ಒಡೆದ ಬೈಟ್ ಒಂದಿದ್ದರೂ ಜೇಸನ್_ಎನ್‌ಕೋಡ್ ಫಂಕ್ಷನ್ ಇಡೀ ಪಟ್ಟಿಯನ್ನು ಬಿಟ್ಟು ಫಾಲ್ಸ್ (‘ಆಗಲಿಲ್ಲ’ ಅನ್ನುವ ಉತ್ತರ) ಕೊಡುತ್ತದೆ. ಫಾಲ್ಸನ್ನು ಎಕೋ ಮಾಡಿದರೆ ಏನೂ ಅಚ್ಚಾಗುವುದಿಲ್ಲ. ಅದಕ್ಕೇ ಲಾಗೂ ಇಲ್ಲ, ದೋಷವೂ ಕಾಣುವುದಿಲ್ಲ. ಇವತ್ತೇ, ಕೆಟ್ಟಾಗ ದೋಷ ಎತ್ತಿ ತೋರಿಸುವ ಜೇಸನ್_ಥ್ರೋ_ಆನ್_ಎರರ್ ಫ್ಲ್ಯಾಗ್ ಹಾಕಿ, ಪಿಎಚ್‌ಪಿ 7.3ರಿಂದ ಇದೆ. ಕೆಟ್ಟ ಬೈಟುಗಳನ್ನು ಸುಮ್ನೆ ನುಂಗಿಬಿಡುವ ಇಗ್ನೋರ್ ಫ್ಲ್ಯಾಗ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಪ್ ನಡೆಯುತ್ತದೆ, ತಪ್ಪು ಹಾಗೇ ಉಳಿಯುತ್ತದೆ.

ಸದ್ಯಕ್ಕೆ ಸಬ್‌ಸ್ಟರ್ ಬದಲು ಎಂಬಿ_ಸಬ್‌ಸ್ಟರ್ ಬಳಸಿ, ಎನ್‌ಕೋಡಿಂಗ್ ಯುಟಿಎಫ್-8 ಅಂತ ಕೊಡಿ. ಅದು ಬೈಟ್ ಬದಲು ಕೋಡ್ ಪಾಯಿಂಟ್ ಎಣಿಸುತ್ತದೆ.

ತಾಲ್ಲೂಕು_ವೆಬ್:

ತುಂಬಾ ಥ್ಯಾಂಕ್ಸ್. ಡೈಮಂಡ್ ಹೋಯಿತು, ಆಪ್ ಕೂಡ ಸರಿಯಾಯಿತು. ಆದರೆ ಈಗ ಇನ್ನೊಂದು. ‘ರಾಷ್ಟ್ರೀಯ ಹೆದ್ದಾರಿ’ ಅನ್ನುವುದು ಒಂದು ಕಡೆ ‘ರಾಷ್ಟ್…’ ಅಂತ ನಿಂತಿದೆ. ಇನ್ನೊಂದು ಕಡೆ ‘ಮಳೆ ಬಂದಿಲ್ಲ’ ಅನ್ನುವುದು ‘ಮಳೆ ಬಂದಿ…’ ಆಗಿದೆ. ಓದುಗರು ಫೋನ್ ಮಾಡಿ ಕೇಳುತ್ತಿದ್ದಾರೆ.

ಕರಾವಳಿ_ಕೋಡರ್:

ಗ್ರಾಫೀಮ್_ಸಬ್‌ಸ್ಟರ್ ಬಳಸಿ ನೋಡಿ. ಪಿಎಚ್‌ಪಿಯ ಇಂಟಲ್ (intl) ಎಕ್ಸ್‌ಟೆನ್ಶನ್ ಇರಬೇಕು. ಅದು ಕಣ್ಣಿಗೆ ಕಾಣುವ ಅಕ್ಷರ ಎಣಿಸುತ್ತದೆ.

ಅಕ್ಷರಪ್ರೇಮಿ:

ಕರಾವಳಿಯವರೇ, ಕನ್ನಡಕ್ಕೆ ಅದೂ ಅರ್ಧ ದಾರಿಯೇ. ‘ರಾಷ್ಟ್ರೀಯ’ ಪದವನ್ನೇ ನೋಡೋಣ. ನಮ್ಮ ಕಣ್ಣಿಗೆ ರಾ, ಷ್ಟ್ರೀ, ಯ ಅಂತ 3 ಅಕ್ಷರ. ಬೈಟ್ ಎಣಿಸುವ ಸ್ಟರ್‌ಲೆನ್ 27 ಅನ್ನುತ್ತದೆ. ಎಂಬಿ_ಸ್ಟರ್‌ಲೆನ್ 9 ಅನ್ನುತ್ತದೆ, ಏಕೆಂದರೆ ದೀರ್ಘ, ಹಲಂತ ಎಲ್ಲಕ್ಕೂ ಒಂದೊಂದು ಕೋಡ್ ಪಾಯಿಂಟ್. ಗ್ರಾಫೀಮ್_ಸ್ಟರ್‌ಲೆನ್ ರಾ, ಷ್, ಟ್, ರೀ, ಯ ಅಂತ ಬಿಡಿಸಿ 5 ಅನ್ನುತ್ತದೆ. ಒತ್ತಕ್ಷರ ಅಲ್ಲೂ ಒಡೆಯುತ್ತದೆ. 2023ರ ಯೂನಿಕೋಡ್ 15.1ರಲ್ಲಿ ಒತ್ತಕ್ಷರ ಒಡೆಯದಂತೆ ನಿಯಮ ಬಂತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಅದರಲ್ಲಿ ಸೇರಿದವು. ಕನ್ನಡ ಸೇರಲಿಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಜಾವಾಸ್ಕ್ರಿಪ್ಟ್‌ನ ಪಠ್ಯ ಬಿಡಿಸುವ ಸೆಗ್ಮೆಂಟರ್ ನಿಂತಿರುವುದೂ ಇದೇ ನಿಯಮಗಳ ಮೇಲೆ.

ಹಾಗಾಗಿ ಅಕ್ಷರ ಎಣಿಸುವುದನ್ನೇ ಬಿಡಿ. ಪದದ ಗಡಿಯಲ್ಲಿ ಕತ್ತರಿಸಿ. ಮೊದಲು ಎಂಬಿ_ಸಬ್‌ಸ್ಟರ್‌ನಿಂದ 160 ಕೋಡ್ ಪಾಯಿಂಟ್ ತೆಗೆದುಕೊಳ್ಳಿ. ಅದರಲ್ಲಿ ಕೊನೆಯ ಸ್ಪೇಸ್ ಎಲ್ಲಿದೆ ಅಂತ ಎಂಬಿ_ಸ್ಟರ್‌ಆರ್‌ಪಾಸ್‌ನಿಂದ ಹುಡುಕಿ. ಅಲ್ಲಿಗೆ ನಿಲ್ಲಿಸಿ, ತುದಿಯ ಕಾಮಾ ತೆಗೆದು, ಮೂರು ಚುಕ್ಕಿ ಹಾಕಿ. ಯಾವ ಒತ್ತಕ್ಷರವೂ ಒಡೆಯುವುದಿಲ್ಲ.

ತಾಲ್ಲೂಕು_ವೆಬ್:

ಮಾಡಿದೆ, ಚೆನ್ನಾಗಿದೆ. ಆದರೆ ಒಂದು ಸುದ್ದಿಯ ಸಾರಾಂಶದಲ್ಲಿ ಬರೀ ಮೂರು ಚುಕ್ಕಿ ಬರುತ್ತಿದೆ. ವರದಿಗಾರರು ವರ್ಡ್‌ನಿಂದ ಕಾಪಿ ಮಾಡಿ ಹಾಕಿದ ಸುದ್ದಿ ಅದು.

ಅಕ್ಷರಪ್ರೇಮಿ:

ಆ ಸುದ್ದಿಯಲ್ಲಿರುವ ಸ್ಪೇಸ್ ಮಾಮೂಲಿ ಸ್ಪೇಸ್ ಅಲ್ಲ, ನಾನ್-ಬ್ರೇಕಿಂಗ್ ಸ್ಪೇಸ್ ಇರಬೇಕು. ನೋಡಲು ಒಂದೇ ಥರ, ಕೋಡ್ ಬೇರೆ. ಮಾಮೂಲಿ ಸ್ಪೇಸ್ ಸಿಗದಿದ್ದಾಗ ಎಂಬಿ_ಸ್ಟರ್‌ಆರ್‌ಪಾಸ್ ಫಾಲ್ಸ್ ಕೊಡುತ್ತದೆ. ಆ ಫಾಲ್ಸನ್ನೇ ಉದ್ದ ಅಂತ ಮುಂದೆ ಕೊಟ್ಟರೆ ಪಿಎಚ್‌ಪಿ ಅದನ್ನು 0 ಅಂತ ಓದುತ್ತದೆ. ಖಾಲಿ ಸಾರಾಂಶ ಬರುವುದು ಹೀಗೆ.

ಕತ್ತರಿಸುವ ಮೊದಲು ಪಠ್ಯ ತೊಳೆಯಿರಿ, ಇದೇ ಕ್ರಮದಲ್ಲಿ. ಎಚ್‌ಟಿಎಂಎಲ್ ಟ್ಯಾಗ್ ತೆಗೆಯುವ ಸ್ಟ್ರಿಪ್_ಟ್ಯಾಗ್ಸ್, ಆಮೇಲೆ ಸಂಕೇತಗಳನ್ನು ಅಕ್ಷರ ಮಾಡುವ ಎಚ್‌ಟಿಎಂಎಲ್_ಎಂಟಿಟಿ_ಡಿಕೋಡ್, ಆಮೇಲೆ ಪ್ರೆಗ್_ರಿಪ್ಲೇಸ್‌ನಿಂದ ಎಲ್ಲಾ ಬಗೆಯ ಖಾಲಿ ಜಾಗವನ್ನೂ ಒಂದು ಮಾಮೂಲಿ ಸ್ಪೇಸ್ ಮಾಡಿ. ರೆಗೆಕ್ಸ್ (ಹುಡುಕುವ ಮಾದರಿ) ಕೊನೆಯಲ್ಲಿ ಯು (u) ಗುರುತು ಮರೆಯಬೇಡಿ, ಅದಿಲ್ಲದಿದ್ದರೆ ಯೂನಿಕೋಡ್ ಸ್ಪೇಸ್ ಹಿಡಿಯುವುದಿಲ್ಲ. ಫಾಲ್ಸ್ ಬಂದರೆ ಏನು ಮಾಡಬೇಕು ಅಂತಲೂ ಬೇರೆಯಾಗಿ ಬರೆಯಿರಿ.

ಸುದ್ದಿಮನೆ:

ನಡುವೆ ಬಂದೆ. ನಾನು ಕೋಡ್ ಬರೆಯುವವಳಲ್ಲ, ಡೆಸ್ಕ್‌ನಲ್ಲಿ ಕೆಲಸ ಮಾಡುತ್ತೇನೆ. ಪದದ ಗಡಿಯಲ್ಲಿ ಕತ್ತರಿಸಿದರೂ ಅಪಾಯ ಇದೆ. ‘ನಾಳೆ ಶಾಲೆಗಳಿಗೆ ರಜೆ ಇರುವುದಿಲ್ಲ’ ಅನ್ನುವ ಸುದ್ದಿ ‘ನಾಳೆ ಶಾಲೆಗಳಿಗೆ ರಜೆ…’ ಅಂತ ನಿಂತರೆ ಏನಾಗುತ್ತದೆ? ವಾಟ್ಸಾಪ್‌ನಲ್ಲಿ ಲಿಂಕ್ ಹಂಚಿದಾಗ ಕಾಣುವುದು ಅಷ್ಟೇ. ಮಳೆಗಾಲದಲ್ಲಿ ಮಕ್ಕಳನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ ಜನ. ಕನ್ನಡದಲ್ಲಿ ಹೌದೋ ಅಲ್ಲವೋ ಗೊತ್ತಾಗುವುದು ವಾಕ್ಯದ ಕೊನೆಯಲ್ಲಿ.

ಅಕ್ಷರಪ್ರೇಮಿ:

ತುಂಬಾ ಮುಖ್ಯವಾದ ಮಾತು. ಸುದ್ದಿ ವೆಬ್‌ಸೈಟ್‌ಗೆ ಇದೇ ಸರಿ ಅಳತೆ. ತಾಲ್ಲೂಕು_ವೆಬ್ ಅವರೇ, ಪದಕ್ಕೆ ನಿಲ್ಲಿಸಬೇಡಿ, ವಾಕ್ಯಕ್ಕೆ ನಿಲ್ಲಿಸಿ. 220 ಕೋಡ್ ಪಾಯಿಂಟ್ ಒಳಗೆ ಕೊನೆಯ ಪೂರ್ಣವಿರಾಮ ಹುಡುಕಿ. ಸಿಗದಿದ್ದರೆ ಮಾತ್ರ ಪದದ ಗಡಿ.

ಇಲ್ಲಿ ಒಂದು ಎಚ್ಚರಿಕೆ. ‘ಡಾ.’, ‘ರೂ.’, ‘ಕಿ.ಮೀ.’ ಇವೆಲ್ಲ ಚುಕ್ಕಿಯಲ್ಲೇ ಮುಗಿಯುತ್ತವೆ. ‘ಎಚ್.ಡಿ. ಕೋಟೆ’, ‘ಕೆ.ಆರ್. ಪೇಟೆ’ ಸುದ್ದಿಗಳು ಬಂದರೆ ಸಾರಾಂಶ ‘ಎಚ್.ಡಿ.’ಗೇ ನಿಲ್ಲುತ್ತದೆ. ಚಿಕ್ಕ ಪದದ ಮುಂದಿನ ಚುಕ್ಕಿಯನ್ನು ಬಿಟ್ಟರೆ ಆಯಿತು ಅನ್ನಿಸಬಹುದು, ಆದರೆ ‘ಇದೆ.’ ಕೂಡ ಚಿಕ್ಕದೇ ಅಲ್ವಾ? ಅದಕ್ಕೆ ಇಂಥ ಸಂಕ್ಷಿಪ್ತ ರೂಪಗಳ ಪಟ್ಟಿ ಇಟ್ಟುಕೊಳ್ಳುವುದೇ ಮೇಲು. ಡೆಸ್ಕ್‌ನವರನ್ನು ಕೇಳಿದರೆ ಪಟ್ಟಿ ಬೇಗ ಸಿದ್ಧವಾಗುತ್ತದೆ.

ಇದಕ್ಕಿಂತ ಒಳ್ಳೆಯದು ಸಾರಾಂಶಕ್ಕೆ ಬೇರೆ ಕಾಲಂ. ಬರೆದವರೇ ಎರಡು ಸಾಲು ತುಂಬಲಿ. ಖಾಲಿ ಬಿಟ್ಟಾಗ ಮಾತ್ರ ಕೋಡ್ ಕತ್ತರಿಸಲಿ.

ಸುದ್ದಿಮನೆ:

ನಾವು ತುಂಬಲು ತಯಾರು. ಫಾರಂನಲ್ಲಿ ಶೀರ್ಷಿಕೆಯ ಕೆಳಗೇ ಕೊಡಲು ಹೇಳಿ, ಕೊನೆಯಲ್ಲಿಟ್ಟರೆ ಅವಸರದಲ್ಲಿ ಯಾರೂ ನೋಡುವುದಿಲ್ಲ.

ತಾಲ್ಲೂಕು_ವೆಬ್:

ಕಾಲಂ ಸೇರಿಸಿದೆ, ಶೀರ್ಷಿಕೆಯ ಕೆಳಗೇ ಇಟ್ಟಿದ್ದೇನೆ. ಹಳೆಯ ಸುದ್ದಿಗಳಿಗೆ ವಾಕ್ಯದ ಕೋಡ್ ಓಡುತ್ತಿದೆ. ಇನ್ನು ಮುಖಪುಟದ ಕಾರ್ಡ್‌ಗಳು ಒಂದೇ ಎತ್ತರಕ್ಕೆ ಬರಲಿ ಅಂತ ಸಿಎಸ್‌ಎಸ್ ಲೈನ್-ಕ್ಲ್ಯಾಂಪ್ ಹಾಕಿ 3 ಸಾಲಿಗೆ ನಿಲ್ಲಿಸಿದೆ. ಮೂರನೇ ಸಾಲಿನ ಒತ್ತಕ್ಷರಗಳ ಬುಡ ಕಾಣುತ್ತಿಲ್ಲ.

ಕರಾವಳಿ_ಕೋಡರ್:

ಲೈನ್-ಹೈಟ್ (ಸಾಲಿನ ಎತ್ತರ) ಎಷ್ಟಿದೆ? 1.2 ಇದ್ದರೆ ಇಂಗ್ಲಿಷ್‌ಗೆ ಸಾಕು, ಕನ್ನಡಕ್ಕೆ ಸಾಲದು. ಒತ್ತು ಸಾಲಿನ ಕೆಳಗೆ ಇಳಿಯುತ್ತದೆ, ಹೊರಚಾಚಿದ್ದನ್ನು ಮರೆಮಾಡುವ ಓವರ್‌ಫ್ಲೋ ಹಿಡನ್ ಇರುವುದರಿಂದ ಅದು ಕತ್ತರಿಸಿಹೋಗುತ್ತದೆ. 1.6 ಮಾಡಿ, ‘ಷ್ಟ್ರ’ ಇರುವ ಸುದ್ದಿಯಲ್ಲೇ ಪರೀಕ್ಷಿಸಿ. ಶೀರ್ಷಿಕೆಯ ಲೈನ್-ಹೈಟ್ ಕೂಡ ನೋಡಿ, ಅಲ್ಲೂ ಇದೇ ಆಗುತ್ತಿರಬಹುದು.

ತಾಲ್ಲೂಕು_ವೆಬ್:

1.2 ಇತ್ತು. 1.6 ಮಾಡಿದ ಮೇಲೆ ಒತ್ತು ಪೂರ್ತಿ ಕಾಣುತ್ತಿದೆ. ಶೀರ್ಷಿಕೆಯಲ್ಲೂ ‘ಸ್ತ್ರೀ’ ಅರ್ಧ ಕಾಣುತ್ತಿತ್ತು, ಅದನ್ನೂ ಸರಿಮಾಡಿದೆ.