ಪದಚರ್ಚೆ: ‘ಹಾರ್ಮೋನುಸಹಿತ’, ‘ಹಾರ್ಮೋನುರಹಿತ’ – ವಂಕಿಗೆ ಹೆಸರು ಬೇಕು (ತುರ್ತು)

ಅನುವಾದಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಕರಪತ್ರ ನಾಳೆ ಸಂಜೆ ಪ್ರೆಸ್‌ಗೆ ಹೋಗಬೇಕು. ಸದ್ಯಕ್ಕೆ ಮಗು ಬೇಡ ಅನ್ನುವ ಹೆಂಗಸರಿಗೆ, ಗರ್ಭಕೋಶದೊಳಗೆ ಇಡುವ ಎರಡು ಬಗೆಯ ಸಾಧನದಲ್ಲಿ (ವಂಕಿ ಅನ್ನುತ್ತಾರಲ್ಲ, ಅದು) ಯಾವುದು ತಮಗೆ ಹೊಂದುತ್ತದೆ ಅಂತ ತಿಳಿಸುವ ಒಂದೇ ಹಾಳೆ. ಎಡಕ್ಕೊಂದು, ಬಲಕ್ಕೊಂದು. ಒಳಗಿನದೆಲ್ಲ ಬರೆದಾಗಿದೆ. ನಿಂತಿರುವುದು ಎರಡು ತಲೆಬರಹಕ್ಕೆ.

ನನಗೆ ಕೊಟ್ಟ ಹಳೆ ಕರಡಿನಲ್ಲಿ ಹೀಗಿದೆ: ‘ಹಾರ್ಮೋನುಸಹಿತ ಗರ್ಭಾಶಯಾಂತರ್ಗತ ಗರ್ಭನಿರೋಧಕ ಸಾಧನ’, ‘ಹಾರ್ಮೋನುರಹಿತ ಗರ್ಭಾಶಯಾಂತರ್ಗತ ಗರ್ಭನಿರೋಧಕ ಸಾಧನ’. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ, ‘ಸ’ ಮತ್ತು ‘ರ’. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರ ಗತಿ ಏನು?

ಗೊತ್ತಿಲ್ಲದವರಿಗೆ ಒಂದು ಮಾತು. ‘ರಹಿತ’ ಅಂದರೆ ತಾಮ್ರ ಸುತ್ತಿದ ಕಾಪರ್-ಟಿ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಹಾಕುತ್ತಾರೆ. ‘ಸಹಿತ’ದ್ದೂ ‘ಟಿ’ ಆಕಾರದ ಪ್ಲಾಸ್ಟಿಕ್ಕೇ, ಆದರೆ ಅದರ ಕಾಂಡದಲ್ಲಿ ಲೆವೊನಾರ್ಜೆಸ್ಟ್ರೆಲ್ ಅನ್ನುವ ಹಾರ್ಮೋನ್ ಇರುತ್ತದೆ, 52 ಮಿಲಿಗ್ರಾಂ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಒಳಗೇ ಒಸರುತ್ತಾ ಹೋಗುತ್ತದೆ. ಇದನ್ನು ಜಾಸ್ತಿ ಹಾಕುವುದು ಖಾಸಗಿಯವರು, ಕೆಲವು ಸಾವಿರ ರೂಪಾಯಿ ಆಗುತ್ತದೆ. ಕಂಪನಿ ಹೆಸರು ಹಾಕುವ ಹಾಗಿಲ್ಲ.

ಓದುವವರು ಏಳನೇ ಕ್ಲಾಸು ಮುಗಿಸಿದವರು ಅಂತ ಇಟ್ಟುಕೊಳ್ಳಿ. ದಯವಿಟ್ಟು ಇವತ್ತೇ ಹೇಳಿ.

ನಿವೃತ್ತ ಅಧ್ಯಾಪಕರು, ಮೈಸೂರು

‘ಹಾರ್ಮೋನುರಹಿತ’ ಅರಿಸಮಾಸ, ಒಂದಕ್ಕೊಂದು ಹೊಂದದ ಎರಡು ಭಾಷೆಯ ಪದಗಳ ಬೆಸುಗೆ. ಗ್ರೀಕಿನಿಂದ ಇಂಗ್ಲಿಷಿಗೆ ಬಂದ ಪದಕ್ಕೆ ಸಂಸ್ಕೃತದ ಬಾಲ. ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜ ಕನ್ನಡ-ಸಂಸ್ಕೃತ ಬೆರಕೆಗೇ ಬಿರುದುಗಳಲ್ಲಿ, ಹಿಂದಿನ ಕವಿಗಳ ಬಳಕೆಯಲ್ಲಿ ಅಂತ ಅಷ್ಟೋ ಇಷ್ಟೋ ಬಿಟ್ಟುಕೊಟ್ಟ. ಇದನ್ನು ನೋಡಿದ್ದರೆ ಏನನ್ನುತ್ತಿದ್ದನೋ. ‘ಚೋದಕಯುಕ್ತ’, ‘ಚೋದಕಮುಕ್ತ’ ಅನ್ನಿ. ಶುದ್ಧ, ಚಿಕ್ಕದು. ಹಾರ್ಮೋನ್ ಅನ್ನುವ ಹೆಸರನ್ನು 1905ರಲ್ಲಿ ಸ್ಟಾರ್ಲಿಂಗ್ ಬಳಕೆಗೆ ತಂದಾಗ ಅದರ ಅರ್ಥವೂ ‘ಪ್ರಚೋದಿಸು’ ಅಂತಲೇ ಇತ್ತು.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು

ಮೇಷ್ಟ್ರೇ, ‘ಚೋದಕ’ ಯಾವ ಊರಿನ ಶುದ್ಧ ಕನ್ನಡ? ಇಂಗ್ಲಿಶ್ ಕಳೆದು ಸಂಸ್ಕ್ರುತ ಹೊರುವುದಕ್ಕೆ ಶುದ್ಧಿ ಅನ್ನುತ್ತೀರಿ, ಅಶ್ಟೇ. ಕನ್ನಡದ್ದೇ ಬೇರು ತಗೊಳ್ಳೋಣ. ಗರ್ಭನಿರೋಧಕಕ್ಕೆ ‘ಬಸಿರುತಡೆ’. ಹಾರ್ಮೋನಿಗೆ ‘ಒಸರು’, ಮೇಡಂ ತಾವೇ ‘ಒಸರುತ್ತಾ ಹೋಗುತ್ತದೆ’ ಅಂದಿದ್ದಾರೆ ನೋಡಿ. ತಾಮ್ರಕ್ಕೆ ‘ಚೆಂಬು’. ಹಾಗಾಗಿ ‘ಒಸರಿನ ಬಸಿರುತಡೆ’, ‘ಚೆಂಬಿನ ಬಸಿರುತಡೆ’. ಯಾರಿಗೆ ತಿಳಿಯಲ್ಲ ಹೇಳಿ?

ಮೈಸೂರು

ಚೆಂಬು! ಇ, ಎ ಸ್ವರದ ಮುಂದೆ ಕನ್ನಡ ‘ಕ’ ಉಳಿಸಿಕೊಂಡಿತು, ತಮಿಳು ‘ಚ’ ಮಾಡಿಕೊಂಡಿತು. ನಮ್ಮ ಕಿವಿ, ಅವರ ಚೆವಿ. ನಮ್ಮ ಕೆಂಪು, ಅವರ ಚೆಂ. ಕೆಂಪು ಲೋಹ ಅನ್ನುವ ಅರ್ಥದ ‘ಚೆಂಬು’ ಕನ್ನಡದ್ದೇ ಆಗಿದ್ದರೆ ‘ಕೆಂಬು’ ಆಗಬೇಕಿತ್ತು. ನಿಮ್ಮ ಅಚ್ಚಗನ್ನಡ ಪಕ್ಕದ ಮನೆಯಿಂದ ತಂದದ್ದು.

ಬೆಂಗಳೂರು

ಪಕ್ಕದ ಮನೆಯಿಂದ ತಂದರೆ ಸಾಲ, ಕಾಶಿಯಿಂದ ತಂದರೆ ಪ್ರಸಾದ. ಆಯಿತು.

ಗೃಹಿಣಿ, ಕುಂದಾಪುರ

ಸುಮ್ನೆ ‘ಚೆಂಬು’ ಜಗಳ ಯಾಕೆ? ಈಗಿನ ಹುಡುಗರ ಬಾಯಲ್ಲಿ ‘ಚೊಂಬು ಕೊಟ್ರು’ ಅಂದರೆ ಮೋಸ ಮಾಡಿದರು ಅಂತ. ಆಸ್ಪತ್ರೆಯ ಕರಪತ್ರದಲ್ಲಿ ‘ಚೆಂಬಿನ ಬಸಿರುತಡೆ’ ಅಂತ ಕಂಡರೆ ನಗುತ್ತಾರೆ ಅಷ್ಟೆ. ಹಾರ್ಮೋನಿಗೆ ‘ಮದ್ದು’ ಅನ್ನಿ. ‘ಮದ್ದಿನ ವಂಕಿ’, ‘ತಾಮ್ರದ ವಂಕಿ’. ವಂಕಿ ಅನ್ನುವ ಪದ ಆರೋಗ್ಯ ಇಲಾಖೆಯವರೇ ಬಳಸುತ್ತಾರಲ್ವಾ?

ನಿವೃತ್ತ ನರ್ಸ್, ಗದಗ

ಅಕ್ಕಾವರಿಗೆ ನಮಸ್ಕಾರ. ವಂಕಿ ಸರಿ. ಮದ್ದು ಬ್ಯಾಡ. ನಿಮ್ಮ ಕರಾವಳಿಯಲ್ಲಿ ಮದ್ದು ಅಂದರೆ ಔಷಧಿ. ನಮ್ಮ ಕಡೆ ‘ಮದ್ದು ಹಾಕ್ಯಾರ’ ಅಂದರೆ ಊಟದಲ್ಲಿ ಏನೋ ಬೆರೆಸಿ ವಶ ಮಾಡಿಕೊಂಡರು ಅಂತ. ಅತ್ತೆ ಕರಕೊಂಡು ಬಂದ ಸೊಸೆಗೆ ‘ಮದ್ದಿನ ವಂಕಿ ಹಾಕಿಸ್ಕೊ’ ಅಂದರೆ ಮುಗೀತು, ಬಾಗಿಲಿಂದಲೇ ಓಡುತ್ತಾಳೆ. ‘ಒಸರು’ ಅಂತೂ ಇನ್ನೂ ಕೆಟ್ಟದ್ದು. ಒಳಗಿಟ್ಟದ್ದು ಸೋರುತ್ತದೆ ಅಂದುಕೊಳ್ಳುತ್ತಾರೆ. ‘ಗರ್ಭನಿರೋಧಕ’ ಅಂದಾಗ ಹಳೆ ಮಂದಿ ‘ನಿರೋಧ್’ ಕಾಂಡೋಮ್ ಅಂತ ತಿಳಿದುಕೊಂಡು ಗಂಡನ ಕಡೆ ಬೆರಳು ತೋರಿಸಿದ್ದನ್ನೂ ನೋಡಿದ್ದೇನೆ.

ಹೆಂಗಸರ ಬಾಯಲ್ಲಿ ಇರುವುದು ಮೂರೇ ಪದ: ಲೂಪ್, ವಂಕಿ, ಕಾಪರ್-ಟಿ. ಲೂಪ್ ಬಂದದ್ದು 1965ರಲ್ಲಿ ಲಿಪ್ಪೀಸ್ ಲೂಪನ್ನು ದೇಶದ ಕಾರ್ಯಕ್ರಮಕ್ಕೆ ತಂದಾಗ. ಅದು ಹಾವಿನ ಹಾಗೆ ಸುತ್ತಿಕೊಂಡ ಬರೀ ಪ್ಲಾಸ್ಟಿಕ್. ಅದು ಹೋಗಿ ತಾಮ್ರದ್ದು ಬಂದು ಎಷ್ಟೋ ಕಾಲ ಆಯಿತು. ಆದರೂ ‘ಲೂಪ್ ಹಾಕಿಸೀನ್ರೀ’ ಅನ್ನುವವರು ಈಗಲೂ ಇದ್ದಾರೆ.

ನನಗೆ ಹೆಸರಿಗಿಂತ ದೊಡ್ಡ ತಕರಾರು ನಿಮ್ಮ ‘ರಹಿತ’ದ ಮೇಲೆ. ಅಂಗಡಿಯಲ್ಲಿ ‘ರಾಸಾಯನಿಕ ರಹಿತ ಬೆಲ್ಲ’ ಅಂತ ಬರೆದಿರುತ್ತದಲ್ಲ, ಅದನ್ನು ಓದಿದವರು ಪಕ್ಕದ ಡಬ್ಬಿಯ ಬೆಲ್ಲದಲ್ಲಿ ವಿಷ ಇದೆ ಅಂದುಕೊಳ್ಳುತ್ತಾರೆ. ಇದೂ ಹಾಗೇ. ‘ಹಾರ್ಮೋನುರಹಿತ’ ಅಂದರೆ ಅದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಅಂತ ಹಾಳೆ ತಿರುಗಿಸುವ ಮೊದಲೇ ತೀರ್ಪು ಆಗಿಬಿಡುತ್ತದೆ. ‘ಚೋದಕಮುಕ್ತ’ದ್ದೂ ಅದೇ ಕತೆ. ಮೇಷ್ಟ್ರು ಸಿಟ್ಟಾಗಬಾರದು, ‘ಮುಕ್ತ’ ಅಂದರೆ ರೋಗದಿಂದ ಮುಕ್ತ ಅಂತಲೇ ಮಂದಿ ಓದುವುದು.

ನಿಜ ಏನೆಂದರೆ ತೂಗಿ ನೋಡಬೇಕಾದ್ದು ಹಾರ್ಮೋನ್ ಅಲ್ಲ, ಮುಟ್ಟು. ನಮ್ಮ ಹತ್ತಿರ ಬಂದವರು ಕೇಳುತ್ತಿದ್ದದ್ದೂ ಅದೇ: ‘ಇದು ಹಾಕಿಸಿಕೊಂಡ್ರ ಮುಟ್ಟು ಹ್ಯಾಂಗ್ ಆಗ್ತೈತ್ರೀ?’ ತಾಮ್ರದ್ದು ಹಾಕಿದ ಮೇಲೆ ಮೊದಲ ಮೂರರಿಂದ ಆರು ತಿಂಗಳು ರಕ್ತ ಜಾಸ್ತಿ ಹೋಗಬಹುದು, ಕಿಬ್ಬೊಟ್ಟೆ ಹಿಡಿದುಕೊಳ್ಳಬಹುದು. ಆಮೇಲೆ ಬಹಳ ಮಂದಿಗೆ ಹದಕ್ಕೆ ಬರುತ್ತದೆ. ಮೊದಲೇ ವಿಪರೀತ ಹೋಗುವವರಿಗೆ, ರಕ್ತ ಕಡಿಮೆ ಇದ್ದವರಿಗೆ ಅದು ಹೊಂದುವುದಿಲ್ಲ. ಹಾರ್ಮೋನಿನದು ಇದಕ್ಕೆ ತಿರುವುಮುರುವು. ಶುರುವಿನ ತಿಂಗಳುಗಳಲ್ಲಿ ಹೊತ್ತಲ್ಲದ ಹೊತ್ತಲ್ಲಿ ಬಟ್ಟೆಗೆ ಕಲೆಯಾಗುತ್ತದೆ, ಆಮೇಲೆ ಮುಟ್ಟು ತೆಳ್ಳಗಾಗುತ್ತದೆ. ವರ್ಷ ತುಂಬುವಷ್ಟರಲ್ಲಿ ಐವರಲ್ಲಿ ಒಬ್ಬರಿಗೆ ನಿಂತೇ ಹೋಗುತ್ತದೆ.

ಗಲಾಟೆ ಆಗುವುದು ಆ ‘ನಿಂತೇ ಹೋಗುತ್ತದೆ’ ಅನ್ನುವ ಕಡೆ. ಒಬ್ಬಾಕೆ ಬಸಿರು ನಿಂತಿತು ಅಂತ ಗಾಬರಿಯಾಗುತ್ತಾಳೆ. ಇನ್ನೊಬ್ಬಾಕೆ ಕೆಟ್ಟ ರಕ್ತ ಒಳಗೇ ಗಡ್ಡೆ ಕಟ್ಟುತ್ತದೆ ಅನ್ನುತ್ತಾಳೆ. ಗರ್ಭಕೋಶದ ಒಳಪದರ ಆ ಹಾರ್ಮೋನಿನಿಂದ ತೆಳ್ಳಗಾಗಿರುತ್ತದೆ, ಉದುರುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಇದನ್ನು ನಾನು ಗೋಡೆಯ ಸುಣ್ಣ ತೋರಿಸಿ ಹೇಳಬೇಕಾಗುತ್ತಿತ್ತು. ನಿಮ್ಮ ಹಾಳೆಯಲ್ಲಿ ಆ ಎರಡು ಸಾಲಿಗೆ ಜಾಗ ಇಡಿ. ತಲೆಬರಹ ಚಿಕ್ಕದಾದರೆ ಜಾಗ ತಾನಾಗೇ ಸಿಗುತ್ತದೆ.

ಮೈಸೂರು

ನರ್ಸಮ್ಮನವರ ಅನುಭವಕ್ಕೆ ಗೌರವ. ಆದರೆ ‘ವಂಕಿ’ ಅಂದರೆ ಡೊಂಕಾದದ್ದು. ಸಂಸ್ಕೃತದ ವಕ್ರ, ಪ್ರಾಕೃತದಲ್ಲಿ ವಂಕ, ಅದರಿಂದ ವಂಕಿ. ತೋಳಿಗೆ ಕಟ್ಟುವ ಆಭರಣಕ್ಕೆ ಸರಿ, ನೀವು ಹೇಳಿದ ಸುರುಳಿ ಲೂಪಿಗೂ ಸರಿ. ‘ಟಿ’ ಆಕಾರದ್ದರಲ್ಲಿ ಡೊಂಕು ಎಲ್ಲಿದೆ?

ಬೆಂಗಳೂರು

ತೆಲುಗಿನಲ್ಲಿ ‘ವಂಗು’ ಅಂದರೆ ಬಾಗು. ತಮಿಳಿನ ‘ವಾಂಗು’, ನಮ್ಮ ‘ಬಾಗು’, ‘ಬಗ್ಗು’ ಎಲ್ಲ ಒಂದೇ ಬಳ್ಳಿ. ವಂಕಿ ನಮ್ಮದೇ. ಎಲ್ಲದಕ್ಕೂ ಸಂಸ್ಕ್ರುತದ ಹೊಕ್ಕುಳಬಳ್ಳಿ ಹುಡುಕುವುದು ಬಿಡಿ ಸಾರ್.

ಮೈಸೂರು

ಮೊದಲು ‘ಸಂಸ್ಕೃತ’ ಬರೆಯುವುದು ಕಲಿಯಿರಿ. ಆಮೇಲೆ ಬಳ್ಳಿ.

ಬೆಂಗಳೂರು

ಓದುವವರಿಗೆ ತೊಡಕಾಗದ ಹಾಗೆ ಬರೆಯುವುದು ತಪ್ಪಾದರೆ ತಪ್ಪೇ ಇರಲಿ.

ದಾವಣಗೆರೆ

ಇಬ್ಬರೂ ನಿಲ್ಲಿಸಿ ಪ್ಲೀಸ್. ಪ್ರೆಸ್‌ನವರು ಎರಡು ಸಲ ಫೋನ್ ಮಾಡಿದರು.

ನರ್ಸಕ್ಕ, ಇನ್ನೆರಡು ಕೇಳುತ್ತೇನೆ. ಒಂದು, ವಂಕಿ ಅಂತಷ್ಟೇ ಹಾಕಿದರೆ ದಾವಣಗೆರೆಯ ಕಾಲೇಜು ಹುಡುಗಿಗೆ ವಂಕಿ ಉಂಗುರ ನೆನಪಾಗುತ್ತದೆ. ಏನು ಮಾಡಲಿ? ಇನ್ನೊಂದು, ಎಷ್ಟು ವರ್ಷ ಇಡಬಹುದು ಅನ್ನುವ ಸಾಲಿಗೆ ಹಳೆ ಕರಡಿನಲ್ಲಿ ‘ಕಾರ್ಯಾವಧಿ’ ಅಂತಿದೆ.

ಗದಗ

‘ಕಾರ್ಯಾವಧಿ’ ಪಂಚಾಯ್ತಿ ಅಧ್ಯಕ್ಷರಿಗೆ ಇರಲಿ. ‘10 ವರ್ಷ ಕೆಲಸ ಮಾಡುತ್ತದೆ’ ಅಂತ ನೇರ ಬರೆಯಿರಿ. ಅದು 380-ಎ ಅನ್ನುವ ಕಾಪರ್-ಟಿಗೆ. 380 ಅಂದರೆ ತಾಮ್ರದ ಮೈ ಅಳತೆ, ಚದರ ಮಿಲಿಮೀಟರಿನಲ್ಲಿ. 375 ಅಂತ ಇನ್ನೊಂದಿದೆ, ಅದು 5 ವರ್ಷದ್ದು. ಹಾರ್ಮೋನಿನದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ 5 ವರ್ಷ ಹೇಳುತ್ತೇವೆ. ಅಮೆರಿಕದಲ್ಲಿ 52 ಮಿಲಿಗ್ರಾಂನದಕ್ಕೆ ಈಗ 8 ವರ್ಷದವರೆಗೆ ಒಪ್ಪಿಗೆ ಕೊಟ್ಟಿದ್ದಾರೆ. ನೀವು 5 ಅಂತಲೇ ಹಾಕಿ, ‘ನಿಮ್ಮ ಡಾಕ್ಟರು ಹೇಳಿದ ತಾರೀಕು ಬರೆದಿಟ್ಟುಕೊಳ್ಳಿ’ ಅಂತ ಸೇರಿಸಿ. ಅದರ ಪಕ್ಕದಲ್ಲೇ ‘ಬೇಡವಾದಾಗ ಯಾವಾಗ ಬೇಕಾದರೂ ತೆಗೆಸಬಹುದು, ಆಮೇಲೆ ಬಸಿರಾಗಬಹುದು’ ಅಂತ ದಪ್ಪ ಅಕ್ಷರದಲ್ಲಿ ಇರಲಿ. ಹತ್ತು ವರ್ಷ ಅಂದರೆ ಹತ್ತು ವರ್ಷ ಬಂದಿಖಾನೆ ಅಂತ ತಿಳಿಯುತ್ತಾರೆ.

ಉಂಗುರದ ಮಾತಿಗೆ: ಹಳಬರಿಗೆ ವಂಕಿ, ಹೊಸಬರಿಗೆ ಕಾಪರ್-ಟಿ. ಎರಡೂ ಹಾಕಿ. ಹಾರ್ಮೋನ್ ಹಾರ್ಮೋನೇ ಇರಲಿ. ಥೈರಾಯ್ಡ್ ತೋರಿಸಲು ಬಂದವರೆಲ್ಲ ಅದನ್ನೇ ಅನ್ನುತ್ತಾರೆ.

ಇನ್ನು ಬಿಡಬಾರದ್ದು. ಎರಡರಲ್ಲೂ ವರ್ಷಕ್ಕೆ ನೂರು ಮಂದಿಯಲ್ಲಿ ಒಬ್ಬರಿಗೂ ಬಸಿರು ನಿಲ್ಲುವುದಿಲ್ಲ, ಅಷ್ಟು ಗಟ್ಟಿ. ಹಾಗಾಗಿ ‘ಯಾವುದು ಜಾಸ್ತಿ ಪವರ್’ ಅಂತ ಹೋಲಿಸಿ ಹೆದರಿಸಬೇಡಿ. ಎರಡೂ ಎಚ್‌ಐವಿ ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಸ್ತನ ಕ್ಯಾನ್ಸರ್ ಇದ್ದವರಿಗೆ ಹಾರ್ಮೋನಿನದು ಬೇಡ, ತಾಮ್ರದ್ದು ಆಗಬಹುದು. ಹೆರಿಗೆಯಾದ 48 ಗಂಟೆಯೊಳಗೆ ತಾಮ್ರದ್ದನ್ನು ಆಸ್ಪತ್ರೆಯಲ್ಲೇ ಹಾಕುತ್ತಾರೆ. ಯಾವ ತಡೆಯೂ ಇಲ್ಲದೆ ಗಂಡನ ಜೊತೆ ಕೂಡಿದ ಮೇಲೆ ಐದು ದಿನದೊಳಗೆ ತಾಮ್ರದ್ದನ್ನು ಹಾಕಿದರೂ ಬಸಿರು ತಡೆಯುತ್ತದೆ, ಇದು ಆಗ ನುಂಗುವ ಮಾತ್ರೆಗಿಂತ ನಂಬಿಕೆಯದು. ಇದು ಬಹಳ ಮಂದಿಗೆ ಗೊತ್ತೇ ಇಲ್ಲ. ‘ಮೇಲಕ್ಕೆ ಹತ್ತಿ ಎದೆಗೆ ಹೋಗುತ್ತದಂತೆ’ ಅನ್ನುವ ಮಾತು ಹಳ್ಳಿಯಲ್ಲಿ ಈಗಲೂ ಇದೆ. ಅದಕ್ಕೊಂದು ಸಾಲು: ‘ವಂಕಿ ಗರ್ಭಕೋಶದಲ್ಲೇ ಇರುತ್ತದೆ. ಅದರ ತುದಿಯ ದಾರ ಕೈಗೆ ಸಿಗದಿದ್ದರೆ ಅಥವಾ ಹೊಟ್ಟೆನೋವು, ಜ್ವರ ಬಂದರೆ ಆಸ್ಪತ್ರೆಗೆ ಬನ್ನಿ.’

ಬಳಗದ ಹಳೆಯ ಸದಸ್ಯರು, ಶಿವಮೊಗ್ಗ

ಇದು ಪದಚರ್ಚೆಯೋ, ಹೆರಿಗೆ ವಾರ್ಡೋ? ಪದ ಸಿಕ್ಕ ಮೇಲೆ ಉಳಿದದ್ದು ಖಾಸಗಿಯಾಗಿ ಬರೆದುಕೊಳ್ಳಬಹುದು.

ಕುಂದಾಪುರ

ಹೋದ ತಿಂಗಳು ‘ಕ್ರಿಕೆಟ್ಟಿನ ಗೂಗ್ಲಿ’ಗೆ ವಾರಗಟ್ಟಲೆ ಪದ ಹುಡುಕಿದಾಗ ತಮಗೆ ಅದು ಮೈದಾನ ಅನ್ನಿಸಲಿಲ್ಲ. ಮುಟ್ಟು ಅಂದ ಕೂಡಲೇ ವಾರ್ಡ್ ಆಯಿತು ಮಾರಾಯ್ರೆ. ಇಂಥ ಮಾತು ಖಾಸಗಿಯಾಗಿಯೇ ಇದ್ದದ್ದರಿಂದ ಇದಕ್ಕೆ ಹೆಂಗಸರು ಓದಬಹುದಾದ ಕನ್ನಡ ಇಲ್ಲದ್ದು.

ದಾವಣಗೆರೆ

ಕೊನೆಗೆ ಹೀಗೆ ಕಳಿಸಿದ್ದೇನೆ.

ಎಡಗಡೆ: ‘ತಾಮ್ರದ ವಂಕಿ (ಕಾಪರ್-ಟಿ). ಇದರಲ್ಲಿ ಹಾರ್ಮೋನ್ ಇಲ್ಲ. ಮೊದಲ ಕೆಲವು ತಿಂಗಳು ಮುಟ್ಟಿನಲ್ಲಿ ರಕ್ತ ಮತ್ತು ನೋವು ಜಾಸ್ತಿ ಆಗಬಹುದು.’

ಬಲಗಡೆ: ‘ಹಾರ್ಮೋನ್ ವಂಕಿ. ಇದರಲ್ಲಿ ತಾಮ್ರ ಇಲ್ಲ. ಮೊದಲ ಕೆಲವು ತಿಂಗಳು ನಡುನಡುವೆ ಕಲೆಯಾಗಬಹುದು. ಆಮೇಲೆ ಮುಟ್ಟು ಕಡಿಮೆ ಆಗುತ್ತದೆ, ನಿಲ್ಲಲೂಬಹುದು. ನಿಂತರೆ ಅಪಾಯವಿಲ್ಲ, ರಕ್ತ ಒಳಗೆ ಸೇರಿಕೊಳ್ಳುವುದಿಲ್ಲ.’

ಒಂದರಲ್ಲಿ ‘ಹಾರ್ಮೋನ್ ಇಲ್ಲ’ ಅಂದ ಮೇಲೆ ಇನ್ನೊಂದರಲ್ಲಿ ‘ತಾಮ್ರ ಇಲ್ಲ’ ಅಂತ ಬೇಕೆಂದೇ ಹಾಕಿದೆ, ತಕ್ಕಡಿ ವಾಲದಿರಲಿ ಅಂತ. ಸಹಿತ, ರಹಿತ, ಯುಕ್ತ, ಮುಕ್ತ ಯಾವುದೂ ಇಲ್ಲ. ನರ್ಸಕ್ಕನಿಗೆ ವಿಶೇಷ ವಂದನೆ.

ಮೈಸೂರು

‘ಹಾರ್ಮೋನ್ ವಂಕಿ’ಯೂ ಅರಿಸಮಾಸವೇ. ದಾಖಲೆಗೆ ಇರಲಿ ಅಂತ ಹೇಳಿದೆ.

ಬೆಂಗಳೂರು

ವಂಕಿ ಸಂಸ್ಕ್ರುತದ್ದು ಅಂತ ಬೆಳಗ್ಗೆ ತಾವೇ ಅಂದಿರಿ. ಇಂಗ್ಲಿಶಿನ ಜೊತೆ ಸಂಸ್ಕ್ರುತ, ಅರಿ ಯಾವ ಕಡೆಯಿಂದ ಬಂತು? ‘ವಂಕಿ’ಯ ಬೇರಿನ ಮೇಲೆ ಬೇರೆ ಎಳೆ ತೆರೆಯುತ್ತಿದ್ದೇನೆ, ಅಲ್ಲಿಗೆ ಬನ್ನಿ.