ಕೌದಿ ಹೊಲಿಯಲು ಅಂಗುಸ್ತಾನ: ಬೆರಳಲ್ಲಿ ನಿಲ್ಲುತ್ತಿಲ್ಲ, ನಿಂತರೆ ಸೂಜಿ ಒಳಗೆ ಬರುತ್ತಿದೆ

ಹಳೇಸೀರೆ:
ಎಲ್ಲರಿಗೂ ನಮಸ್ಕಾರ. ಅತ್ತೆಯವರ ಹಳೇ ಕಾಟನ್ ಸೀರೆಗಳನ್ನು ಸೇರಿಸಿ ದೊಡ್ಡ ಮಂಚದ ಅಳತೆಗೆ ಕೌದಿ ಹೊಲಿಯುತ್ತಿದ್ದೇನೆ. ನಡುವೆ ಒಂದು ಬೆಡ್‌ಶೀಟ್ ಇಟ್ಟಿದ್ದೇನೆ. ಎಲ್ಲ ಸೇರಿ ನಾಲ್ಕು ಪದರ. ಮಷೀನ್ ಮುಟ್ಟಬಾರದು, ಪೂರ್ತಿ ಕೈಹೊಲಿಗೆಯೇ ಆಗಬೇಕು ಅಂತ ಹಟ.

ಹೊಲಿಗೆ ಚೆನ್ನಾಗಿಯೇ ಬರುತ್ತಿದೆ. ಬೆರಳಿನದ್ದೇ ತೊಂದರೆ. ಸೂಜಿಯ ಹಿಂಬದಿ ಒತ್ತಿ ಒತ್ತಿ ಬಲಗೈ ನಡುಬೆರಳಿನ ಚರ್ಮ ಕಿತ್ತುಬಂದಿದೆ. ಟೇಲರಿಂಗ್ ಸಾಮಾನಿನ ಅಂಗಡಿಯಿಂದ ಟೋಪಿ ತರಹದ ಸ್ಟೀಲ್ ಅಂಗುಸ್ತಾನ ತಂದೆ. ಅಲ್ಲಿ ಇದ್ದದ್ದೇ ಒಂದು ಸೈಜು. ಕೈ ಸ್ವಲ್ಪ ಕೆಳಗೆ ಮಾಡಿದರೆ ಸಾಕು, ಟಣ್ ಅಂತ ನೆಲಕ್ಕೆ ಬೀಳುತ್ತದೆ. ಒಳಗೆ ಬಟ್ಟೆ ತುರುಕಿದರೆ ಬೆವರುತ್ತದೆ, ಉಗುರಿಗೂ ಒತ್ತುತ್ತದೆ. ಆಮೇಲೆ ಆನ್‌ಲೈನಲ್ಲಿ ಸಿಲಿಕೋನಿನದು ತರಿಸಿದೆ. ಅದು ಬೀಳುವುದಿಲ್ಲ, ಆದರೆ ನಾಲ್ಕು ಪದರಕ್ಕೆ ಜೋರಾಗಿ ತಳ್ಳಿದರೆ ಸೂಜಿಯ ಹಿಂಬದಿಯೇ ಅದನ್ನು ತೂರಿಕೊಂಡು ಬೆರಳಿಗೆ ಬರುತ್ತದೆ!

ಈಗ ಬ್ಯಾಂಡೇಜ್ ಸುತ್ತಿಕೊಂಡು ಹೊಲಿಯುತ್ತಿದ್ದೇನೆ. ಯಾವುದು ಹಾಕಬೇಕು, ಸೈಜು ಹೇಗೆ ನೋಡಬೇಕು, ದಯವಿಟ್ಟು ತಿಳಿಸಿ.

ಕಸೂತಿಕೈ:
ಅಕ್ಕಾ, ಯಾವುದು ಕೊಳ್ಳಬೇಕು ಅಂತ ಹೇಳುವ ಮೊದಲು ಸ್ವಲ್ಪ ಮಾಹಿತಿ ಬೇಕು. ಸೂಜಿಯನ್ನು ಬೆರಳಿನ ತುದಿಯಿಂದ ತಳ್ಳುತ್ತೀರೋ, ಪಕ್ಕದಿಂದಲೋ? ಗಾಯ ಎಲ್ಲಿ ಆಗಿದೆ ನೋಡಿದರೆ ಗೊತ್ತಾಗುತ್ತದೆ. ಉಗುರು ಬಿಡುತ್ತೀರಾ? ಸೂಜಿ ಯಾವುದು? ಆ ಬೆಡ್‌ಶೀಟ್ ಎಂಥದ್ದು?

ಅಜ್ಜಿಮೊಮ್ಮಗ:
ನಮ್ಮಜ್ಜಿ ಜೀವಮಾನವೆಲ್ಲ ಕೌದಿ ಹೊಲಿದರು, ಬೆರಳಿಗೆ ಏನೂ ಹಾಕುತ್ತಿರಲಿಲ್ಲ. ರೂಢಿ ಆದರೆ ಚರ್ಮವೇ ಗಟ್ಟಿಯಾಗುತ್ತದೆ. ಸುಮ್ನೆ ದುಡ್ಡು ಯಾಕೆ ಹಾಳು ಮಾಡುತ್ತೀರಿ?

ಹಳೇಸೀರೆ:
@ಕಸೂತಿಕೈ, ಈಗ ಗಮನಿಸಿದೆ. ಗಾಯ ತುದಿಯಲ್ಲಿಲ್ಲ. ಉಗುರಿನ ಎಡಪಕ್ಕದಲ್ಲಿ, ಉಗುರಿಗೂ ಮೊದಲ ಗೆಣ್ಣಿಗೂ ನಡುವೆ ಇದೆ. ಉಗುರು ಸ್ವಲ್ಪ ಉದ್ದ ಬಿಡುತ್ತೇನೆ. ಸೂಜಿ ಮನೆಯಲ್ಲಿದ್ದ ದಪ್ಪನೆಯದು, ನಂಬರ್ ಗೊತ್ತಿಲ್ಲ. ಬೆಡ್‌ಶೀಟ್ ಪಾಲಿಯೆಸ್ಟರ್ ಬೆರಕೆ ಇರುವ ನುಣುಪು ಬಟ್ಟೆ, ಗಟ್ಟಿ ನೇಯ್ಗೆ.

@ಅಜ್ಜಿಮೊಮ್ಮಗ, ಚರ್ಮ ಗಟ್ಟಿಯಾಗುವುದಕ್ಕೆ ಮೊದಲು ವಾಸಿಯಾಗಬೇಕಲ್ವಾ 🙂

ದರ್ಜಿಮನೆ:
ಮೇಡಂ, ನಿಮ್ಮ ಉತ್ತರದಲ್ಲೇ ಪರಿಹಾರ ಇದೆ. ನೀವು ಪಕ್ಕದಿಂದ ತಳ್ಳುವವರು. ಟೋಪಿ ಅಂಗುಸ್ತಾನದ ಮೇಲ್ಭಾಗ ನಿಮಗೆ ಬೇಕಾಗೇ ಇಲ್ಲ. ನಿಮಗೆ ಬೇಕಿರುವುದು ಎರಡೂ ಕಡೆ ತೆರೆದಿರುವ, ಉಂಗುರಕ್ಕಿಂತ ಅಗಲ ಇರುವ ಟೇಲರ್ ಅಂಗುಸ್ತಾನ. ಅಂಗಡಿಯಲ್ಲಿ ‘ಟೇಲರ್‌ದು ಕೊಡಿ, ತುದಿ ತೆರೆದದ್ದು’ ಅಂತ ಕೇಳಿ. ಬೆಲೆಯೂ ಜಾಸ್ತಿ ಇರುವುದಿಲ್ಲ.

ನಾನು ಕೋಟು, ಸಫಾರಿ ಹೊಲಿಯುವವನು. ನಮ್ಮ ಅಂಗಡಿಯಲ್ಲಿ ಟೋಪಿಯದು ಇಲ್ಲವೇ ಇಲ್ಲ. ಕಾಲರ್, ಕ್ಯಾನ್ವಾಸ್ ಸೇರಿದ ಕಡೆ ದಪ್ಪ ಇರುತ್ತದೆ. ಬೆರಳು ಚಾಚಿ ತುದಿಯಿಂದ ಒತ್ತಿದರೆ ಬಲ ಸಾಲುವುದಿಲ್ಲ, ಗೆಣ್ಣು ನೋಯುತ್ತದೆ. ನಡುಬೆರಳನ್ನು ಮಡಚಿ ಪಕ್ಕದಿಂದ ತಳ್ಳಿದರೆ ಇಡೀ ಕೈಯ ಬಲ ಸೂಜಿಗೆ ಸಿಗುತ್ತದೆ. ಕೆಲಸ ಕಲಿಯುವಾಗ ನಮ್ಮ ಉಸ್ತಾದರು ಅಂಗುಸ್ತಾನ ಹಾಕಿಸಿ, ಬೆರಳು ಮಡಚಿ, ದಾರದಿಂದ ಕಟ್ಟಿಬಿಡುತ್ತಿದ್ದರು. ಬಟ್ಟೆಯೂ ಇಲ್ಲ, ದಾರ ಪೋಣಿಸಿದ ಸೂಜಿಯೂ ಇಲ್ಲ, ಬರೀ ಕೈ ಆಡಿಸುವುದು. ಆಗ ಕೋಪ ಬರುತ್ತಿತ್ತು. ನಿಮಗೆ ಆ ಕಷ್ಟ ಇಲ್ಲ, ನಿಮ್ಮ ಕೈ ತಾನಾಗಿ ಸರಿಯಾಗಿಯೇ ತಳ್ಳುತ್ತಿದೆ. ಅಂಗುಸ್ತಾನಕ್ಕೋಸ್ಕರ ಕೈಯ ರೂಢಿ ಬದಲಿಸಬೇಡಿ.

ತುದಿ ತೆರೆದಿದ್ದರೆ ಉಗುರಿಗೆ ಜಾಗ ಇರುತ್ತದೆ. ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಬೆರಳ ತುದಿ ಖಾಲಿ ಇರುವುದರಿಂದ ದಾರ ಹಿಡಿಯಲು, ಬಟ್ಟೆ ಸರಿಪಡಿಸಲು ಪ್ರತಿ ಸಲ ತೆಗೆಯಬೇಕಾಗಿಲ್ಲ.

ಇನ್ನು ಅಳತೆ. ಒಂದು ಕಾಗದದ ಪಟ್ಟಿ ತಗೊಂಡು ನಡುಬೆರಳಿನ ಉಗುರಿನ ಬುಡದ ಹತ್ತಿರ ಸುತ್ತಿ, ಗುರುತು ಹಾಕಿ, ಸ್ಕೇಲಿನಲ್ಲಿ ಅಳೆಯಿರಿ. ಬಂದದ್ದನ್ನು 3.14ರಿಂದ ಭಾಗಿಸಿ. 50 ಮಿ.ಮೀ. ಸುತ್ತಳತೆ ಬಂದರೆ ಒಳಗಿನ ಅಡ್ಡಳತೆ 16 ಮಿ.ಮೀ. ಆಸುಪಾಸಿನದು ನೋಡಬೇಕು. ಆನ್‌ಲೈನಲ್ಲಿ ತಗೊಂಡರೆ ಈ ಲೆಕ್ಕ ಬೇಕು, ಅಲ್ಲಿ ಸೈಜಿನ ನಂಬರ್ ಒಬ್ಬೊಬ್ಬರದು ಒಂದೊಂದು ಥರ. ಬೆಳಗ್ಗೆ ಎದ್ದ ಕೂಡಲೇ, ತಣ್ಣೀರಲ್ಲಿ ಕೈ ಇಟ್ಟ ಮೇಲೆ ಅಳೆಯಬೇಡಿ. ಸೆಕೆಗೆ, ಕೆಲಸ ಮಾಡಿದ ಮೇಲೆ ಬೆರಳು ಸ್ವಲ್ಪ ಊದುತ್ತದೆ. ನೀವು ದಿನಾ ಹೊಲಿಯುವ ಹೊತ್ತಿನಲ್ಲೇ ಅಳೆಯಿರಿ.

ಅಂಗಡಿಗೆ ಹೋದರೆ ಹಾಕಿ ನೋಡುವುದೇ ಒಳ್ಳೆಯದು. ಕೈ ಇಳಿಬಿಟ್ಟು ಮೆಲ್ಲಗೆ ಆಡಿಸಿದರೆ ಬೀಳಬಾರದು. ಇನ್ನೊಂದು ಕೈಯಿಂದ ಎಳೆದರೆ ಸಲೀಸಾಗಿ ಬರಬೇಕು. ಐದು ನಿಮಿಷ ಇಟ್ಟುಕೊಂಡಾಗ ಬೆರಳ ತುದಿ ಕೆಂಪಾಗಿ ಜುಮ್ಮೆಂದರೆ ಅದು ಬಿಗಿ. ಕೈಬೆರಳಿನಿಂದ ಅದರ ಹೊರಮೈ ಸವರಿ ನೋಡಿ. ಗುಳಿಗಳು ಆಳವಾಗಿರಬೇಕು. ಬರೀ ಚಿತ್ತಾರದ ಹಾಗೆ ಮೇಲೆ ಮೇಲೆ ಇದ್ದರೆ ಸೂಜಿ ಜಾರಿ ಹೋಗಿ ಇನ್ನೊಂದು ಬೆರಳಿಗೆ ಚುಚ್ಚುತ್ತದೆ.

ಕಸೂತಿಕೈ:
ಸರ್ ಹೇಳಿದ್ದು ಸರಿ. ಆದರೆ ಅರ್ಧ ತಪ್ಪು ಆ ಬೆಡ್‌ಶೀಟಿನದು ಅಂತ ನನಗೆ ಅನಿಸುತ್ತದೆ. ತೊಳೆದು ತೊಳೆದು ಮೆತ್ತಗಾದ ಸೀರೆಯಲ್ಲಿ ಎಳೆಗಳು ಸರಿದು ಸೂಜಿಗೆ ದಾರಿ ಬಿಡುತ್ತವೆ. ಗಟ್ಟಿ ನೇಯ್ಗೆಯ ಶೀಟಿನಲ್ಲಿ ಬಿಡುವುದಿಲ್ಲ. ಅದರ ಮೇಲೆ ದಪ್ಪ ಸೂಜಿ. ಸೂಜಿ ದಪ್ಪ ಇದ್ದಷ್ಟೂ ತೂತು ದೊಡ್ಡದಾಗಬೇಕು, ಬಲ ಜಾಸ್ತಿ ಬೇಕು. ನಿಮ್ಮ ದಾರ ಹೋಗುವಷ್ಟು ಕಣ್ಣು ಇರುವ, ಅದರಲ್ಲೇ ಸಣ್ಣ ಸೂಜಿ ಹುಡುಕಿ. ಕೈಹೊಲಿಗೆ ಸೂಜಿಯಲ್ಲಿ ನಂಬರ್ ಏರಿದ ಹಾಗೆ ಸೂಜಿ ಸಣ್ಣ ಆಗುತ್ತದೆ. ಮಷೀನ್ ಸೂಜಿಗೆ ಇದು ಉಲ್ಟಾ, ಅದಕ್ಕೇ ಅಂಗಡಿಯಲ್ಲಿ ಗೊಂದಲ ಆಗುತ್ತದೆ.

ಹಳೇ ಸೂಜಿಯ ಮೇಲೆ ಉಗುರು ಎಳೆದು ನೋಡಿ. ತೊಡರಿದರೆ ತುಕ್ಕು ಇದೆ, ಬಿಸಾಡಿ. ಹೊಸ ಸೂಜಿಯನ್ನು ಆಗಾಗ ಒಣಗಿದ ಸಾಬೂನಿಗೆ ಚುಚ್ಚಿ ತೆಗೆದರೆ ಜಾರುತ್ತದೆ. ಒಂದೇ ಸಲಕ್ಕೆ ಸೂಜಿಯಲ್ಲಿ ಐದಾರು ಹೊಲಿಗೆ ತುಂಬಿಕೊಳ್ಳುವ ಆಸೆ ಬೇಡ. ನಾಲ್ಕು ಪದರಕ್ಕೆ ಎರಡು ಮೂರು ಸಾಕು.

ಪುಣೆಕನ್ನಡತಿ:
ಚರ್ಮದ್ದನ್ನೂ ಒಂದು ಸಲ ನೋಡಿ. ನನಗೆ ಲೋಹದ್ದು ಆಗುವುದಿಲ್ಲ, ನಿಕ್ಕಲ್ ಲೇಪ ಇದ್ದರೆ ಬೆರಳು ಕೆರೆಯುತ್ತದೆ. ಹಿತ್ತಾಳೆಯದು ಹಾಕಿದರೆ ಬೆವರಿಗೆ ಹಸಿರು ಬಣ್ಣ ಬಿಡುತ್ತದೆ. ಚರ್ಮದ್ದು ಕೊಳ್ಳುವಾಗ ಸ್ವಲ್ಪ ಬಿಗಿಯೇ ಇರಲಿ, ಹಾಕುತ್ತಾ ಹಾಕುತ್ತಾ ಹಿಗ್ಗುತ್ತದೆ. ಸೂಜಿ ತಾಗುವ ಜಾಗದಲ್ಲಿ ಪುಟ್ಟ ಲೋಹದ ಬಿಲ್ಲೆ ಕೂರಿಸಿರುವುದೂ ಸಿಗುತ್ತದೆ. ಬರೀ ಚರ್ಮ ಆದರೆ ನಿಮ್ಮ ನಾಲ್ಕು ಪದರಕ್ಕೆ ಬೇಗ ತೂತಾಗಬಹುದು.

ಜಪಾನಿನ ಸಾಶಿಕೊ ಹೊಲಿಗೆಯವರದು ಇನ್ನೊಂದು ದಾರಿ. ಅವರ ಅಂಗುಸ್ತಾನ ನಡುಬೆರಳಿನ ಬುಡದಲ್ಲಿ ಉಂಗುರದ ಹಾಗೆ ಕೂರುತ್ತದೆ, ಅದರಿಂದ ಒಂದು ಬಿಲ್ಲೆ ಅಂಗೈ ಕಡೆಗೆ ಇಳಿದಿರುತ್ತದೆ. ಉದ್ದ ಸೂಜಿಯ ಹಿಂಬದಿಯನ್ನು ಆ ಬಿಲ್ಲೆಗೆ ಆನಿಸಿ ಅಂಗೈಯಿಂದ ತಳ್ಳುತ್ತಾರೆ, ಬಟ್ಟೆಯನ್ನು ಸೂಜಿಗೆ ಮಡಿಕೆ ಮಡಿಕೆಯಾಗಿ ಏರಿಸುತ್ತಾರೆ. ಉದ್ದುದ್ದ ಸಾಲಿನ ಹೊಲಿಗೆಗೆ ಚೆನ್ನ. ಗಿಡ್ಡ ಸೂಜಿಗೆ ಪ್ರಯೋಜನ ಇಲ್ಲ, ಬಿಲ್ಲೆಗೆ ತಾಗುವುದೇ ಇಲ್ಲ.

ದರ್ಜಿಮನೆ:
ನಾಲ್ಕು ಪದರಕ್ಕೆ ಮಡಿಕೆ ಏರಿಸುವುದು ಕಷ್ಟ ಮೇಡಂ. ಎರಡು ಪದರಕ್ಕಾದರೆ ಸರಿ.

ಹಳೇಸೀರೆ:
ಎಲ್ಲರಿಗೂ ಥ್ಯಾಂಕ್ಸ್. ತುದಿ ತೆರೆದದ್ದು ಸಿಕ್ಕಿತು. ಅಂಗಡಿಯವರು ಮೂಲೆ ಡಬ್ಬದಿಂದ ಹುಡುಕಿ ಕೊಟ್ಟರು. ಸೂಜಿಯನ್ನೂ ಬದಲಿಸಿದೆ. ವ್ಯತ್ಯಾಸ ಮೊದಲ ಸಾಲಿನಲ್ಲೇ ಗೊತ್ತಾಯಿತು, ಈಗ ಗಾಯಕ್ಕೆ ಏನೂ ತಾಗುತ್ತಿಲ್ಲ. ಎರಡು ಸಂಶಯ ಉಳಿದಿವೆ. ಬೆಳಗ್ಗೆ ಸ್ವಲ್ಪ ಸಡಿಲ, ಸಂಜೆ ಸರಿಯಾಗಿ ಕೂರುತ್ತದೆ. ಏನು ಮಾಡಲಿ? ಇನ್ನೊಂದು, ಸೀರೆಯ ಅಂಚು ಸೇರುವ ಕಡೆ ಸೂಜಿ ಅರ್ಧ ಹೋಗಿ ನಿಂತುಬಿಡುತ್ತದೆ. ಹಿಂದಿನಿಂದ ಎಷ್ಟು ತಳ್ಳಿದರೂ ಬರುವುದಿಲ್ಲ.

ದರ್ಜಿಮನೆ:
ಬೆಳಗ್ಗೆಗೆ ಒಳಗಡೆ ಮೈಕ್ರೋಪೋರ್ ಟೇಪಿನ ಒಂದು ಸುತ್ತು ಅಂಟಿಸಿ, ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಸಂಜೆ ಬಿಗಿ ಆದರೆ ಕಿತ್ತುಹಾಕಿ. ಇಕ್ಕಳದಲ್ಲಿ ಒತ್ತಿ ಸಣ್ಣ ಮಾಡಲು ಹೋಗಬೇಡಿ, ಅದು ಮೊಟ್ಟೆಯಾಕಾರಕ್ಕೆ ತಿರುಗಿ ಒಂದು ಕಡೆ ಒತ್ತುತ್ತದೆ.

ಸೂಜಿ ಸಿಕ್ಕಿಕೊಂಡರೆ ತಳ್ಳಬೇಡಿ, ಎಳೆಯಿರಿ. ಊದುವ ಬಲೂನಿನ ಚೂರು ಅಥವಾ ಹಳೇ ರಬ್ಬರ್ ಗ್ಲೌಸಿನ ಬೆರಳು ಕತ್ತರಿಸಿ ತೋರುಬೆರಳಿಗೆ ಹಾಕಿಕೊಂಡರೆ ಸೂಜಿಯ ಮೇಲೆ ಹಿಡಿತ ಸಿಗುತ್ತದೆ. ಸಾಧ್ಯವಾದರೆ ಅಂಚಿನ ಮೇಲೆ ಹೊಲಿಗೆ ಹಾಕದೆ ಪಕ್ಕಕ್ಕೆ ಸರಿಸಿ.

ಹಳೇಸೀರೆ:
ಬಲೂನು ಕೆಲಸ ಮಾಡಿತು ಸರ್! ಮಗನ ಹುಟ್ಟುಹಬ್ಬದ್ದು ಉಳಿದಿತ್ತು. ಈಗ ಎಡಗೈ ಬೆರಳಿಗೆ ಕೆಳಗಿನಿಂದ ಸೂಜಿಮೊನೆ ಚುಚ್ಚುತ್ತಿದೆ. ಅದಕ್ಕೂ ಒಂದು ಅಂಗುಸ್ತಾನ ಹಾಕಲೇ?

ಕಸೂತಿಕೈ:
ಬೇಡ ಅಕ್ಕಾ. ಸೂಜಿ ಕೆಳಗಿನ ಪದರಕ್ಕೆ ಬಂತೋ ಇಲ್ಲವೋ ಆ ಬೆರಳಿಗೇ ಗೊತ್ತಾಗಬೇಕು. ಲೋಹ ಹಾಕಿದರೆ ಗೊತ್ತಾಗುವುದಿಲ್ಲ, ಹಿಂಬದಿಯ ಹೊಲಿಗೆ ತಪ್ಪುತ್ತದೆ. ಅದೇ ಮೈಕ್ರೋಪೋರ್ ಟೇಪು ಎರಡು ಸುತ್ತು ಸಾಕು. ಸೀರೆಗೆ ರಕ್ತದ ಚುಕ್ಕೆ ಬಿದ್ದಿದ್ದರೆ ಒಣಗುವ ಮೊದಲೇ ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.