ಒತ್ತೋಕೆ ಒಬ್ಬ, ಬಿಚ್ಚೋಕೆ ಒಬ್ಬ

“ಭಟ್ಟರೇ, ನೀವು ಏನೂ ಮಾಡಬೇಡಿ. ಸುಮ್ನೆ ಕೂತು ನೋಡಿ. ಇದಕ್ಕೆ ಒಬ್ಬರೇ ಸಾಕು,” ಎಂದ ಸೀನ.

“ಒಬ್ಬರೇ ಸಾಕು ಅಂದಮೇಲೆ ಮೂರು ಜನಕ್ಕೆ ಫೋನ್ ಯಾಕೆ ಮಾಡಿದೆ?”

“ನೋಡೋಕೆ.”

ಭಟ್ಟರು ಜಗಲಿಯ ಮೇಲೆ ಕೂತರು. ಸೀನನ ಮಾರುತಿ 800 ಬಾನೆಟ್ ಎತ್ತಿಕೊಂಡು ಗೇಟಿನೊಳಗೆ ನಿಂತಿತ್ತು. ಸಿಗ್ನಲ್ಲಿನಲ್ಲಿ ಬ್ರೇಕ್ ಒತ್ತಿ ಹಿಡಿದರೆ ಪೆಡಲ್ ಮೆಲ್ಲಗೆ ಇಳಿದು ನೆಲ ಮುಟ್ಟುತ್ತಿತ್ತಂತೆ. ಹೊರಗೆಲ್ಲೂ ಆಯಿಲ್ ಸೋರಿರಲಿಲ್ಲ. ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದು, ಒತ್ತಿದ ಆಯಿಲ್ ಒಳಗೊಳಗೇ ಹಿಂದಕ್ಕೆ ಜಾರುತ್ತಿತ್ತು. ಸೀನ ಜೆ.ಸಿ. ರಸ್ತೆಗೆ ಹೋಗಿ ಹೊಸ ಸಿಲಿಂಡರನ್ನೇ ತಂದು ಕೂರಿಸಿದ್ದ. ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯೋದು ಬಾಕಿ ಇತ್ತು.

“ಇಡೀ ಅಸೆಂಬ್ಲಿ ಬದಲಾಯಿಸಿದೆಯಾ?” ರಾಜಪ್ಪನವರಿಗೆ ಸಂಕಟವಾಯಿತು. “ಬರೀ ರಬ್ಬರ್ ಕಿಟ್ ಹಾಕಿದ್ದರೆ ಆಗ್ತಿತ್ತಲ್ಲಪ್ಪ.”

“ಒಳಗೆಲ್ಲ ತುಕ್ಕು ಹಿಡಿದು ಗೀರು ಬಿದ್ದಿತ್ತು. ಅಲ್ಲಿ ಹೊಸ ರಬ್ಬರ್ ಎಷ್ಟು ದಿನ ಬಾಳುತ್ತೆ?”

“ಹೋಗಲಿ, ವೈಸಿಗೆ ಹಿಡಿದು, ಆಯಿಲ್ ತುಂಬಿಸಿ, ಮೊದಲೇ ಗಾಳಿ ತೆಗೆದು ಕೂರಿಸಿದೆ ತಾನೇ?”

“ಹೂಂ. ವಿಡಿಯೊದಲ್ಲಿ ಹಾಗೇ ಇತ್ತು. ಪಾಪ, ಅವನೂ ಒಬ್ಬನೇ ಮಾಡಿದ್ದ.”

“ಕ್ಯಾಮೆರಾ ಹಿಡಿದವನು ಯಾರು?” ಎಂದರು ಭಟ್ಟರು.

ಸೀನ ಕೇಳಿಸದವನಂತೆ ಡಬ್ಬ ತೆರೆದ. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಒನ್ ಮ್ಯಾನ್ ಬ್ರೇಕ್ ಬ್ಲೀಡಿಂಗ್ ಕಿಟ್ ಎಂದಿತ್ತು. ಒಳಗೆ ಕೈಪಂಪು, ಪಾರದರ್ಶಕ ಪೈಪು, ಸಣ್ಣದೊಂದು ಬಾಟ್ಲಿ.

“ಗಾಳಿ ಯಾಕೆ ತೆಗೀಬೇಕು?” ವೆಂಕಟೇಶನ ಅನುಮಾನ.

“ಆಯಿಲ್ ಒತ್ತಿದರೆ ಕುಗ್ಗಲ್ಲ. ಗಾಳಿ ಕುಗ್ಗುತ್ತೆ. ಒಳಗೆ ಗುಳ್ಳೆ ಇದ್ದರೆ ನಿನ್ನ ಕಾಲಿನ ಶಕ್ತಿಯೆಲ್ಲ ಅದನ್ನು ಹಿಂಡೋದಕ್ಕೇ ಖರ್ಚು. ಚಕ್ರಕ್ಕೆ ಸುದ್ದಿಯೇ ಹೋಗಲ್ಲ,” ಎಂದರು ಭಟ್ಟರು.

“ನಮ್ಮ ಡಿಪೋದಲ್ಲಿ ಉಲ್ಟಾ,” ಎಂದರು ರಾಜಪ್ಪ. “ಗಾಳಿ ತುಂಬೋವರೆಗೆ ಬಸ್ಸು ಹೊರಡೋದೇ ಇಲ್ಲ. ಬ್ರೇಕ್ ನಡೆಯೋದೇ ಗಾಳಿ ಮೇಲೆ.”

“ಅದಕ್ಕೇ ನಿಮ್ಮ ಕಂಡಕ್ಟರುಗಳು ಅಷ್ಟು ಗಾಳಿ ಮಾತಾಡೋದು.”

ಸಿಲಿಂಡರಿಗೆ ದೂರದ ಚಕ್ರ ಮೊದಲು. ಸೀನ ಹಿಂದಿನ ಎಡ ಚಕ್ರದ ಹತ್ತಿರ ಚಾಪೆ ಹಾಸಿ ಮಲಗಿದ. ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ, ಅದಕ್ಕೆ ಪೈಪು ಸಿಕ್ಕಿಸಿ ಪಂಪು ಹೊಡೆಯತೊಡಗಿದ. ಪೈಪಿನಲ್ಲಿ ಗುಳ್ಳೆ ಬಂತು. ಇನ್ನೂ ಬಂತು. ಬರುತ್ತಲೇ ಇತ್ತು.

ಭಟ್ಟರಿಗೆ ಭಾಷಣಕ್ಕೆ ಪುರುಸೊತ್ತು ಸಿಕ್ಕಿತು. “ಎಲ್ಲದಕ್ಕೂ ಈಗ ಒಬ್ಬರೇ ಸಾಕು. ಒಬ್ಬರೇ ಟ್ರಿಪ್ಪು. ಒಬ್ಬರೇ ಮಸಾಲೆ ದೋಸೆ ತಿಂದು ಫೋನಿಗೆ ‘ಸೂಪರ್’ ಅನ್ನೋದು. ಅಂಗಡಿಯಲ್ಲಿ ಬಿಲ್ಲೂ ನಾವೇ ಹಾಕಿಕೊಳ್ಳಬೇಕಂತೆ. ಪೂಜೆ ಆನ್‌ಲೈನು, ಪ್ರಸಾದ ಕೊರಿಯರು. ಇಬ್ಬರು ಬೇಕೇ ಬೇಕು ಅನ್ನೋ ಕೆಲಸ ಎರಡೇ ಉಳಿದಿದ್ದವು. ಒಂದು ಜಗಳ, ಇನ್ನೊಂದು ಬ್ರೇಕಿನ ಗಾಳಿ ತೆಗೆಯೋದು. ಅದಕ್ಕೂ ಕಲ್ಲು ಹಾಕಿದರು.”

“ಮದುವೆ?”

“ಜಗಳ ಅಂದೆನಲ್ಲ.”

“ಅರ್ಧ ಬಾಟ್ಲಿ ತುಂಬಿತು, ಗುಳ್ಳೆ ಮಾತ್ರ ನಿಲ್ತಾ ಇಲ್ಲ,” ಕಾರಿನ ಕೆಳಗಿನಿಂದ ಸೀನನ ದನಿ. “ಬ್ರೇಕ್ ಪೈಪಿನಲ್ಲಿ ಇಷ್ಟು ಗಾಳಿ ಹೇಗೆ ಸೇರಿತು?”

“ಅದು ಬ್ರೇಕಿನ ಗಾಳಿ ಅಲ್ಲವೋ, ಬಸವನಗುಡಿ ಗಾಳಿ. ನಿಪ್ಪಲ್ ಸಡಿಲ ಮಾಡಿದ್ದೀಯ. ಅದರ ಥ್ರೆಡ್ಡಿನ ಸಂದಿಯಿಂದ ಪಂಪು ಹೊರಗಿನ ಗಾಳಿ ಎಳೀತಿದೆ. ಸಂಜೆವರೆಗೆ ಹೊಡಿ, ಲಾಲ್‌ಬಾಗಿನ ಗಾಳಿಯೂ ಬರುತ್ತೆ. ಮೊದಲು ಸಿಲಿಂಡರಿನ ಮೇಲಿನ ಆಯಿಲ್ ಡಬ್ಬ ನೋಡು. ಅದು ಖಾಲಿಯಾದರೆ ಮತ್ತೆ ಮೊದಲಿಂದ ಶುರು.”

ಸೀನ ಎದ್ದು ಓಡಿದ. ಆಯಿಲ್ ಸುರಿಯುವ ಅವಸರದಲ್ಲಿ ಎರಡು ಹನಿ ಮಡ್‌ಗಾರ್ಡಿನ ಮೇಲೆ ಬಿತ್ತು. ಬಟ್ಟೆಯಿಂದ ಒರೆಸಲು ಹೋದ.

“ಒರೆಸಬೇಡ, ನೀರು ಹುಯ್ಯಿ! ಪೇಂಟು ತಿಂದುಬಿಡುತ್ತೆ,” ಎಂದರು ಭಟ್ಟರು. “ಹೊರಗೆ ಬಿದ್ದರೆ ನೀರು ಬೇಕು, ಒಳಗೆ ಮಾತ್ರ ನೀರು ಸೇರಬಾರದು. ವಿಚಿತ್ರ ಆಯಿಲ್ ಇದು. ಗಾಳಿಯಲ್ಲಿರೋ ತೇವಾನೂ ಹೀರಿಕೊಳ್ಳುತ್ತೆ. ಡಾಟ್ 3 ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೂ ಕುದಿಯಲ್ಲ. ತೇವ ಸೇರಿದರೆ 140ಕ್ಕೇ ಕುದಿಯಬಹುದು.”

“ಆಗುಂಬೆ ಘಾಟಿ ಇಳಿಯುವಾಗ ಕುದ್ದರೆ ಪೈಪಿನಲ್ಲಿ ಆವಿ ತುಂಬಿ ಪೆಡಲ್ ಒಳಗೆ ಹೋಗುತ್ತೆ. ಆಮೇಲೆ ದೇವರೇ ಗತಿ,” ಎಂದರು ರಾಜಪ್ಪ. ಆಗುಂಬೆಯಿಂದ ಅವರ ಮಾತು ಮೇಗರವಳ್ಳಿಯ ಯಾವುದೋ ಹೋಟೆಲಿನ ಕಡುಬಿಗೆ ಹೋಯಿತು. ಕಡುಬು ಮುಗಿಯುವವರೆಗೆ ಯಾರೂ ಬ್ರೇಕಿನ ಸುದ್ದಿ ಎತ್ತಲಿಲ್ಲ.

ಕಿವಿಗೆ ಬಿಳಿ ಬತ್ತಿ ಸಿಕ್ಕಿಸಿಕೊಂಡ ಇಬ್ಬರು ಗೇಟಿನ ಮುಂದೆ ಹಾದುಹೋದರು. ಕಾರಿನ ಕಡೆ ತಿರುಗಿಯೂ ನೋಡಲಿಲ್ಲ.

“ನೋಡಿದಿರಾ?” ಎಂದರು ಭಟ್ಟರು. “ಮೊದಲೆಲ್ಲ ಬಾನೆಟ್ ಎತ್ತಿದರೆ ಬೀದಿಯೇ ಸೇರುತ್ತಿತ್ತು. ಹಾಲಿನವನು ಸೈಕಲ್ ನಿಲ್ಲಿಸಿ ‘ಕಾರ್ಬುರೇಟರ್ ಇರಬೇಕು ಸ್ವಾಮಿ’ ಅನ್ನುತ್ತಿದ್ದ. ಪಂಕ್ಚರ್ ಆಗಿದ್ದರೂ ಕಾರ್ಬುರೇಟರೇ. ಹೇಳಿದ್ದೆಲ್ಲ ತಪ್ಪು. ಆದರೆ ಪೆಡಲ್ ಒತ್ತೋಕೆ ಒಂದು ಕಾಲು ಸಿಗುತ್ತಿತ್ತು. ಈ ದರಿದ್ರ ಕಿಟ್ಟಿಗೆ ಎಷ್ಟು ದುಡ್ಡು ಸುರಿದೆ?”

“ನಾನು ಕೊಂಡಿದ್ದಲ್ಲ. ಗಿರಿ ಕಳಿಸಿದ್ದು.”

ಗಿರಿ ಸೀನನ ಮಗ. ಸ್ಕೂಲಿಗೆ ಹೋಗುವಾಗ ಇದೇ ಕಾರಿನ ಪೆಡಲ್ ಒತ್ತುತ್ತಿದ್ದವನು. ಕಾಲು ಎಟುಕದೆ ಸೀಟಿನ ತುದಿಗೆ ಜಾರಿ, ಸ್ಟೀರಿಂಗಿಗೆ ಜೋತುಬಿದ್ದು ಒತ್ತುತ್ತಿದ್ದ. ಈಗ ಡಬ್ಲಿನ್ನಿನಲ್ಲಿದ್ದಾನೆ.

“‘ಅಪ್ಪಾ, ಇದಿದ್ದರೆ ನಿಮಗೆ ಯಾರೂ ಬೇಕಾಗಲ್ಲ’ ಅಂತ ಮೆಸೇಜು ಮಾಡಿದ್ದ,” ಎಂದ ಸೀನ, ಪಂಪಿನ ಹಿಡಿ ಒರೆಸುತ್ತ.

“ಅದನ್ನ ಮೊದಲೇ ಬೊಗಳಬಾರದಾ?” ಭಟ್ಟರು ಪಂಚೆ ಎತ್ತಿ ಕಟ್ಟಿ ಡ್ರೈವರ್ ಸೀಟಿನಲ್ಲಿ ಹೋಗಿ ಕೂತರು. “ಪೈಪು ಚೆನ್ನಾಗಿದೆ, ಬಾಟ್ಲಿಯೂ ಚೆನ್ನಾಗಿದೆ. ಪಂಪು ಒಂದು ಪಕ್ಕಕ್ಕಿಡು. ಪೈಪಿನ ತುದಿ ಆಯಿಲ್ಲಿನೊಳಗೆ ಮುಳುಗಿರಲಿ. ವೆಂಕಟೇಶ, ನೀನು ಡಬ್ಬ ಕಾಯಿ. ಹೂಂ, ಶುರುಮಾಡು.”

“ಒತ್ತಿ… ಇನ್ನೊಂದು ಸಲ… ಹಿಡ್ಕೊಳ್ಳಿ!”

ಸೀನ ನಿಪ್ಪಲ್ ತಿರುಗಿಸಿದ. ಭಟ್ಟರ ಕಾಲು ಪೆಡಲ್ ಸಮೇತ ಕೆಳಗಿಳಿಯಿತು. ಗುಳ್ಳೆಯೊಂದು ಪುಸಕ್ಕನೆ ಹೊರಬಿತ್ತು. ಹಿಂದೆಯೇ ಡಿಕಾಕ್ಷನ್ ಬಣ್ಣದ ಹಳೇ ಆಯಿಲ್.

“ಬಿಡಲಾ?”

“ಅಯ್ಯೋ ಬೇಡಿ, ಟೈಟ್ ಮಾಡೋವರೆಗೆ ಬಿಡಬೇಡಿ! ಗಾಳಿ ವಾಪಸ್ ಎಳೆದುಕೊಳ್ಳುತ್ತೆ!”

“ಗೊತ್ತು ಕಣೋ. ನಿನಗೆ ಗೊತ್ತಾ ಅಂತ ನೋಡಿದೆ.”

ಪೈಪಿನಲ್ಲಿ ತಿಳಿಯಾದ ಆಯಿಲ್ ಬರುವ ಹೊತ್ತಿಗೆ ರಾಜಪ್ಪನವರು ಮತ್ತೆ ಘಾಟಿ ಹತ್ತಿದ್ದರು.

“ಒಂದು ಫೋಟೋ ತೆಗೆದು ಗಿರಿಗೆ ಕಳಿಸು,” ಎಂದರು ಭಟ್ಟರು ಕೂತಲ್ಲಿಂದಲೇ. “ಕಿಟ್ ಬಹಳ ಚೆನ್ನಾಗಿದೆ ಅನ್ನು.”

“ಫೋಟೋದಲ್ಲಿ ನಿಮ್ಮ ಕಾಲು ಬರುತ್ತೆ ಭಟ್ಟರೇ.”

“ಬರಲಿ ಬಿಡು. ಕಿಟ್ಟಿನ ಜೊತೆ ಬಂತು ಅನ್ನು. ನಿಪ್ಪಲ್ ಟೈಟ್ ಮಾಡಿದೆಯಾ ಇಲ್ಲವಾ, ಅದನ್ನ ಮೊದಲು ಹೇಳು. ಕಾಲು ನಡುಗ್ತಾ ಇದೆ.”